ಓಡುತ್ತಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ: ಕೀ ವಾಚ್ ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಕೀ ಕೊಡುವ ವಾಚಿನ ಬಗ್ಗೆ ಕೇಳುವವರು ಮತ್ತೆ ಜಾಸ್ತಿಯಾಗಿದ್ದಾರೆ. ಸಂತೋಷವೇ. ಆದರೆ ಪ್ರಶ್ನೆ ಬೇರೆ ಬೇರೆ ಊರಿಂದ ಬಂದರೂ ಕೇಳುವುದು ಅದನ್ನೇ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಎನ್ನುತ್ತೇನೆ. ಸೆಲ್ ವಾಚಿಗೂ ಕೀ ವಾಚಿಗೂ ಏನು ವ್ಯತ್ಯಾಸ ಎಂದು ಹೇಳುತ್ತಾ ಕೂರುವುದಿಲ್ಲ, ಅದು ಗೊತ್ತಿದ್ದೇ ಬಂದಿದ್ದೀರಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಎಚ್‌ಎಂಟಿ ಪೈಲಟ್ 1,800 ರೂಪಾಯಿಗೆ ಸಿಗುತ್ತಿದೆ. ಕಿತ್ತಳೆ ಬಣ್ಣದ ಡಯಲ್, ಹೊಚ್ಚ ಹೊಸದರಂತೆ ಹೊಳೆಯುತ್ತಿದೆ. ‘ಹಳೆ ಸ್ಟಾಕ್, ಬಳಸಿಲ್ಲ, ಸರ್ವೀಸ್ ಆಗಿದೆ’ ಎಂದು ಬರೆದಿದ್ದಾರೆ. ತೆಗೆದುಕೊಳ್ಳಲೇ? (ದಾವಣಗೆರೆ)

ಬೇಡ.

ಯಾಕೆ ಬೇಡ ಅಂದರೆ, ಮೊದಲು ಲೆಕ್ಕ ಹಾಕಿ. ಬಳಸದೆ ಇಟ್ಟ ವಾಚಿನಲ್ಲೂ ಆಯಿಲ್ ಒಣಗುತ್ತದೆ, ಸರ್ವೀಸ್ ಬೇಕಾಗುತ್ತದೆ, ಅದು ನಿಜ. ಆದರೆ ಬಳಸದ ಪೈಲಟ್ಟೂ ಸಿಕ್ಕಿ, ಅದನ್ನು ಪೂರ್ತಿ ಬಿಚ್ಚಿ ಸರಿಯಾಗಿ ಸರ್ವೀಸೂ ಮಾಡಿ, ಹೊಸ ಬೆಲ್ಟೂ ಹಾಕಿ, ಕೊರಿಯರ್ ಖರ್ಚೂ ಕೊಟ್ಟು, 1,800 ರೂಪಾಯಿಗೆ ಮಾರಿದರೆ ಅವನಿಗೆ ಉಳಿಯುವುದೇನು? ಯಾರೋ ಒಂದು ಕೆಲಸ ಮಾಡಿಲ್ಲ. ಯಾವುದನ್ನು ಅಂತ ಹೇಳಬೇಕಿಲ್ಲ ಅಲ್ವಾ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಚ್ ತಯಾರಿ ಶುರುಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್, ಹೀಗೆ ಹೆಸರು ಹಲವು. ಆದರೆ ಈ ಕೀ ವಾಚುಗಳಲ್ಲಿ ಬಹುಪಾಲಿನ ಹೊಟ್ಟೆಯಲ್ಲಿರುವುದು ಒಂದೇ ಮಷಿನ್, 0231. ಹದಿನೇಳು ಜ್ಯುವೆಲ್ (ಚಕ್ರದ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಕಲ್ಲು), ಸೆಕೆಂಡಿಗೆ ಐದು ಬಡಿತ. ಗಟ್ಟಿ ಮಷಿನ್, ರಿಪೇರಿಗೆ ಸುಲಭ, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟವೇ ತೀರ್ಮಾನಿಸಿತು. ಹಳೆ ಮಾದರಿಗಳಿಗೆ ಇವತ್ತು ಸಿಗುವ ಬಿಡಿಭಾಗ ಬಹುತೇಕ ಇನ್ನೊಂದು ಸತ್ತ ವಾಚಿನಿಂದ ಕಿತ್ತದ್ದು. ಒಂದರ ಕೇಸ್, ಇನ್ನೊಂದರ ಮಷಿನ್, ಮತ್ತೊಂದರ ಮುಳ್ಳು ಸೇರಿಸಿ ಒಂದು ‘ಹೊಸ’ ಪೈಲಟ್ ಆಗುತ್ತದೆ. ಹಾಗೆ ಜೋಡಿಸಿದ್ದು ತಪ್ಪಲ್ಲ. ಜೋಡಿಸಿದ್ದು ಅಂತ ಹೇಳದೆ ಮಾರುವುದು ತಪ್ಪು.

ಇನ್ನು ಆ ಕಿತ್ತಳೆ ಡಯಲ್. ಪೈಲಟ್ ಎಂದರೆ ಕಪ್ಪು ಡಯಲ್, ಬಿಳಿ ಅಂಕಿ. ಗಿಳಿ ಹಸಿರು, ಕಿತ್ತಳೆ, ಸೇನೆಯ ಲಾಂಛನ ಹೊಡೆದದ್ದು, ಇವೆಲ್ಲ ಹೆಚ್ಚಾಗಿ ಸವೆದ ಡಯಲನ್ನು ತೊಳೆದು ಮತ್ತೆ ಬಣ್ಣ ಬಳಿದು ಅಚ್ಚು ಹಾಕಿದವು. ನಂಬಿಕೆ ಇಲ್ಲದಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಅಸಲಿ ಡಯಲಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಬಣ್ಣ ಬಳಿದದ್ದರಲ್ಲಿ ಶಾಯಿ ಹರಡಿರುತ್ತದೆ, ನಿಮಿಷದ ಗೀಟು ಗಂಟೆಯ ಗುರುತಿಗೆ ನೇರ ಬರುವುದಿಲ್ಲ, ಆರರ ಕೆಳಗಿನ ಸಣ್ಣ ಅಕ್ಷರ ಒಂದು ಕಡೆಗೆ ವಾಲಿರುತ್ತದೆ ಅಥವಾ ಇರುವುದೇ ಇಲ್ಲ. ಮುಳ್ಳು ಕೂರುವ ನಡುವಿನ ತೂತಿನ ಸುತ್ತ ಬಣ್ಣ ದಪ್ಪಗೆ ಕಟ್ಟಿರುತ್ತದೆ. ಕೇಸನ್ನೂ ನೋಡಿ. ಬೆಲ್ಟ್ ಸಿಕ್ಕಿಸುವ ಕಿವಿಗಳ ಮೂಲೆ ಸೋಪಿನ ಹಾಗೆ ದುಂಡಗಾಗಿದ್ದರೆ ಅದನ್ನು ಹೊಳಪಿಗಾಗಿ ಉಜ್ಜಿ ಉಜ್ಜಿ ತೆಳ್ಳಗಾಗಿಸಿದ್ದಾರೆ.

ಡಯಲ್ ಬಣ್ಣ ಇಷ್ಟವಾಗಿದ್ದರೆ ಕೊಳ್ಳಿ, ಅದು ನಿಮ್ಮ ರುಚಿ. ನನ್ನ ತಕರಾರು ಒಳಗಿನದ್ದರ ಬಗ್ಗೆ. ‘ಸರ್ವೀಸ್ ಆಗಿದೆ’ ಎನ್ನುವ ವಾಚುಗಳಲ್ಲಿ ಮಾಡಿರುವುದು ಹೆಚ್ಚಾಗಿ ಇಷ್ಟೇ: ಮುಚ್ಚಳ ತೆಗೆದು, ಮಷಿನನ್ನು ಬಿಚ್ಚದೆ ಹಾಗೇ ಪೆಟ್ರೋಲಿನಲ್ಲಿ ಅದ್ದಿ, ಊದಿ, ಕಂಡ ಕಡೆಗೆಲ್ಲ ಒಂದೊಂದು ಹನಿ ಎಣ್ಣೆ ಬಿಟ್ಟು ಮುಚ್ಚುವುದು. ವಾಚ್ ಓಡುತ್ತದೆ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲವೇ ತಿಂಗಳಿಗೆ ಆ ಎಣ್ಣೆ ಹರಿದು ಹೋಗಬಾರದ ಕಡೆಗೆ ಹೋಗಿರುತ್ತದೆ, ಇರಬೇಕಾದ ಕಡೆ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. ಸರ್ವೀಸ್ ಅಂದರೆ ಪ್ರತಿ ಚಕ್ರ ಹೊರಗೆ ಬರಬೇಕು, ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್ ಸ್ಪ್ರಿಂಗಿನ ಡಬ್ಬಿ ತೆರೆಯಬೇಕು, ಎಲ್ಲ ತೊಳೆದು ಒಣಗಿಸಿ, ಜಾಗಕ್ಕೆ ತಕ್ಕ ಎಣ್ಣೆಯನ್ನು ಸೂಜಿ ಮೊನೆಯಷ್ಟು ಹಾಕಬೇಕು. ಬಡಿತದ ವೇಗ ಹಿಡಿದಿಡುವ, ಕೂದಲಿನಷ್ಟು ತೆಳ್ಳಗಿನ ಸುರುಳಿ ಹೇರ್ ಸ್ಪ್ರಿಂಗ್. ಅದಕ್ಕೆ ಎಣ್ಣೆ ಸೋಕಲೇಬಾರದು. ತೆಂಗಿನೆಣ್ಣೆ, ಹೊಲಿಗೆ ಮಷಿನ್ ಎಣ್ಣೆ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ. ಅವರಿಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಹಾಗಾದರೆ ಹಳೆ ಎಚ್‌ಎಂಟಿ ಕೊಳ್ಳಲೇಬಾರದೇ? ಕೊಳ್ಳಿ, ಆದರೆ ಕೈಯಲ್ಲಿ ಹಿಡಿದು ಕೊಳ್ಳಿ. ಫೋಟೋ ನೋಡಿ ಕೊಳ್ಳಬೇಡಿ.

ಕೀ ಪೂರ್ತಿ ಇಳಿದ ವಾಚಿಗೆ ಎರಡು ಮೂರು ಸುತ್ತು ಕೊಡಿ, ತಾನಾಗಿ ಹೊರಡಬೇಕು. ಅಲ್ಲಾಡಿಸಿದರೆ ಮಾತ್ರ ಹೊರಡುವ ವಾಚಿನಲ್ಲಿ ಎಣ್ಣೆ ಅಂಟಾಗಿದೆ. ಪೂರ್ತಿ ಕೀ ಕೊಡುವಾಗ ಬೆರಳಿಗೆ ಕರಕರ ಸಿಗಬಾರದು, ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಆಮೇಲೆ ಕ್ರೌನ್, ಅಂದರೆ ಕೀ ಕೊಡುವ ಗುಂಡಿ, ಎಳೆದು ಮುಳ್ಳು ತಿರುಗಿಸಿ. ಇದನ್ನು ಯಾರೂ ಗಮನಿಸುವುದಿಲ್ಲ. ಮುಳ್ಳು ಸ್ವಲ್ಪ ಬಿಗಿಯಾಗಿ, ಒಂದೇ ಸಮ ತಿರುಗಬೇಕು. ಗಾಳಿಯಲ್ಲಿ ತಿರುಗಿದಂತೆ ಸಡಿಲವಾಗಿದ್ದರೆ, ನಿಮಿಷದ ಮುಳ್ಳನ್ನು ಹಿಡಿದಿರುವ ಪುಟ್ಟ ಕೊಳವೆ, ನಾವು ಕ್ಯಾನನ್ ಪಿನಿಯನ್ ಅನ್ನುವುದು, ಸಡಿಲವಾಗಿದೆ. ಆಗ ಏನಾಗುತ್ತದೆ ಗೊತ್ತೇ? ಮಷಿನ್ ಸರಿಯಾಗಿ ಬಡಿಯುತ್ತಲೇ ಇರುತ್ತದೆ, ಪರೀಕ್ಷೆಯ ಯಂತ್ರದಲ್ಲಿ ಇಟ್ಟರೂ ಪಾಸು, ಕೈಯಲ್ಲಿ ಮಾತ್ರ ಅರ್ಧ ಗಂಟೆ ಹಿಂದೆ. ಅಂಗಡಿಯವರು ‘ಟೈಮ್ ಸರಿ ಇದೆ ಸಾರ್’ ಎಂದು ವಾಪಸ್ ಕಳಿಸುತ್ತಾರೆ, ನೀವು ಮತ್ತೆ ಹೋಗುತ್ತೀರಿ. ಕೆಲಸ ಗೊತ್ತಿರುವವನಿಗೆ ಅದು ಕೆಲವೇ ನಿಮಿಷದ ರಿಪೇರಿ.

ಇದೆಲ್ಲ ಆದ ಮೇಲೆ ಹಿಂದಿನ ಮುಚ್ಚಳ ತೆಗೆದು ತೋರಿಸಿ ಎನ್ನಿ. ಒಪ್ಪದಿದ್ದರೆ ಎದ್ದು ಬನ್ನಿ, ಮಾತು ಬೆಳೆಸಬೇಡಿ. ತೆಗೆದರೆ ಮೊದಲು ಸ್ಕ್ರೂಗಳ ತಲೆ ನೋಡಿ. ಗೀಟು ಕಿತ್ತು ಹೋಗಿದ್ದರೆ ಒರಟು ಕೈಗಳು ಆ ವಾಚಿನಲ್ಲಿ ಆಡಿವೆ. ಹಿಂದೆ ಮುಂದೆ ಆಡುತ್ತಾ ಬಡಿಯುವ ಬ್ಯಾಲೆನ್ಸ್ ಚಕ್ರ ಅಗಲವಾಗಿ, ಓಲಾಡದೆ ತಿರುಗಬೇಕು. ಅದರ ನಡುವಿನ ಹೇರ್ ಸ್ಪ್ರಿಂಗ್ ಸುತ್ತುಗಳ ನಡುವೆ ಅಂತರ ಒಂದೇ ಸಮ ಇರಬೇಕು, ಎಲ್ಲೂ ಒಂದಕ್ಕೊಂದು ತಾಗಿರಬಾರದು. ತುಕ್ಕು ಕಂಡರೆ ಅಲ್ಲಿಗೇ ಮುಗಿಯಿತು. ಕರಾವಳಿ ಕಡೆಯಿಂದ ಬಂದ ವಾಚುಗಳಲ್ಲಿ ಕೀ ಕೊಡುವ ಕಂಬಿಯ ಸುತ್ತ ಇದನ್ನು ಮುಖ್ಯವಾಗಿ ನೋಡಿ. ಕೊನೆಗೆ ಮುಚ್ಚಳದ ಒಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೂಜಿಯಲ್ಲಿ ಗೀಚಿದ ಸಣ್ಣ ಅಂಕಿ, ಸಹಿ ಕಾಣಬಹುದು. ಹಳೆಯ ಕೆಲಸಗಾರರು ಸರ್ವೀಸ್ ಮಾಡಿದಾಗಲೆಲ್ಲ ಅಲ್ಲಿ ತಾರೀಖು ಗೀಚುತ್ತಿದ್ದರು. ಎರಡು ಮೂರು ಗೀಚು ಇರುವ ವಾಚನ್ನು ಯಾರೋ ಪ್ರೀತಿಯಿಂದ ಇಟ್ಟುಕೊಂಡಿದ್ದರು ಅಂತ ಅರ್ಥ. ಹೊಳೆಯುವ ಡಯಲಿಗಿಂತ ನನಗೆ ಅದರ ಮೇಲೆ ಭರವಸೆ ಜಾಸ್ತಿ.

ಸರ್ವೀಸಿಗೆ ವಾಚಿನ ಬೆಲೆಯಷ್ಟೇ ಖರ್ಚಾಗಬಹುದು. ಆ ದುಡ್ಡನ್ನು ಮೊದಲೇ ಪಕ್ಕಕ್ಕೆ ಇಟ್ಟು, ಉಳಿದದ್ದರಲ್ಲಿ ವಾಚ್ ಹುಡುಕಿ. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ. ಇನ್ನೊಂದು ಮಾತು, ನಿಮ್ಮ ಮನೆಯ ಬೀರುವಿನಲ್ಲಿ, ಚಿಕ್ಕಪ್ಪನ ಟ್ರಂಕಿನಲ್ಲಿ ಮೊದಲು ನೋಡಿ. ನಿಂತು ಹೋಗಿ ಸುಮ್ನೆ ಬಿದ್ದಿರುವ ಜನತಾ ಒಂದಾದರೂ ಇರುತ್ತದೆ. ಅದರ ಡಯಲ್ ಹಳದಿಯಾಗಿದ್ದರೆ ಇರಲಿ, ಬಣ್ಣ ಬಳಿಸಬೇಡಿ. ಅಸಲಿ ಡಯಲ್ ಒಮ್ಮೆ ತೊಳೆದರೆ ಮತ್ತೆ ಬರುವುದಿಲ್ಲ.

ಈ ತಲೆನೋವೇ ಬೇಡ, ಹೊಸದೇ ಬೇಕು ಎನ್ನುವವರು ಜಪಾನಿ ಮಷಿನ್ ಇರುವ ಆಟೋಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ವಾಚ್, ಕೊಳ್ಳಿ. ಸೈಕೋ 5ರ ಹಳೆ ಮಾದರಿಗಳಲ್ಲಿರುವ 7ಎಸ್26ಗೆ ಕೈಯಿಂದ ಕೀ ಕೊಡಲು ಆಗುವುದಿಲ್ಲ, ಕಟ್ಟಿಕೊಂಡು ಓಡಾಡಬೇಕು. ಎನ್‌ಎಚ್35 ಮಷಿನ್ ಇರುವ ವಾಚುಗಳಲ್ಲಿ ಕೀಯೂ ಕೊಡಬಹುದು, ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳೂ ನಿಲ್ಲುತ್ತದೆ. ಪೂರ್ತಿ ಕೀ ಇದ್ದರೆ ಸುಮಾರು 41 ಗಂಟೆ ಓಡುತ್ತದೆ. ಕೊಳ್ಳುವ ಮೊದಲು ಮಷಿನ್ ನಂಬರ್ ಕೇಳಿ. ನಂಬರ್ ಹೇಳದ ಅಂಗಡಿ, ಮತ್ತೆ ಹನುಮಂತನ ಹಾಗೆ ಎದೆ ಬಗೆದು ಚಕ್ರ ತೋರಿಸುವ 999 ರೂಪಾಯಿಯ ವಾಚು, ಎರಡರಿಂದಲೂ ದೂರ ಇರಿ. ಆ ವಾಚನ್ನು ರಿಪೇರಿಗೆ ತಂದರೆ ನಾನು ಮುಟ್ಟುವುದಿಲ್ಲ.

ಪ್ರಶ್ನೆ: ಹೊಸ ಆಟೋಮ್ಯಾಟಿಕ್ ದಿನಕ್ಕೆ 20 ಸೆಕೆಂಡ್ ಮುಂದೆ ಹೋಗುತ್ತಿದೆ. ವಾಪಸ್ ಕೊಡಲೇ? (ಮೈಸೂರು)

ಕೊಡಬೇಡಿ. ಮೇಲೆ ಹೇಳಿದ ಎನ್‌ಎಚ್35 ಮಷಿನ್‌ಗೆ ಕಂಪನಿಯೇ ಹೇಳುವ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದಿನಿಂದ 40 ಸೆಕೆಂಡ್ ಮುಂದಿನವರೆಗೆ. ದಿನಕ್ಕೆ 86,400 ಸೆಕೆಂಡ್. ಇಪ್ಪತ್ತನ್ನು ಅದರ ಜೊತೆ ಇಟ್ಟು ನೋಡಿ, ಆಮೇಲೆ ಬೇಜಾರು ಮಾಡಿಕೊಳ್ಳಿ. ಸೆಕೆಂಡ್ ಸೆಕೆಂಡಿಗೂ ಲೆಕ್ಕ ಬೇಕಿದ್ದರೆ ಸೆಲ್ ವಾಚ್ ಇದೆಯಲ್ಲ.

ಪ್ರಶ್ನೆ: ಸರಿಯಾಗಿದ್ದ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ರಿಪೇರಿಯವರು ಮಷಿನ್ ಬದಲಿಸಬೇಕು ಎನ್ನುತ್ತಾರೆ. (ಹುಬ್ಬಳ್ಳಿ)

ಅವರ ಹತ್ತಿರ ಮತ್ತೆ ಹೋಗಬೇಡಿ. ಇದ್ದಕ್ಕಿದ್ದಂತೆ ಇಷ್ಟು ಜೋರಾಗಿ ಓಡಿದರೆ ಮೊದಲ ಅನುಮಾನ ಅಯಸ್ಕಾಂತ. ಹೇರ್ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತಾಗಿ ಬ್ಯಾಲೆನ್ಸ್ ಬೇಗ ಬೇಗ ಬಡಿಯುತ್ತದೆ. ರಾತ್ರಿ ವಾಚನ್ನು ಸ್ಪೀಕರ್ ಮೇಲೆ, ಟ್ಯಾಬ್ಲೆಟ್ಟಿನ ಕವರ್ ಮೇಲೆ, ಅಯಸ್ಕಾಂತದ ಬಟನ್ ಇರುವ ಬ್ಯಾಗಿನಲ್ಲಿ ಇಟ್ಟಿದ್ದಿರಾ ನೆನಪು ಮಾಡಿಕೊಳ್ಳಿ. ಸಣ್ಣ ದಿಕ್ಸೂಚಿ ಹತ್ತಿರ ತಂದಾಗ ಅದರ ಮುಳ್ಳು ನಡುಗಿದರೆ ಅನುಮಾನ ಗಟ್ಟಿ. ಡಿಮ್ಯಾಗ್ನೆಟೈಸರ್ ಎಂಬ ಪುಟ್ಟ ಡಬ್ಬಿ ಇರುವ ಯಾವ ಅಂಗಡಿಯಲ್ಲಾದರೂ ಆ ಅಯಸ್ಕಾಂತ ಗುಣವನ್ನು ನಿಮಿಷದೊಳಗೆ ಹೋಗಿಸುತ್ತಾರೆ. ಅದಾದ ಮೇಲೂ ಮುಂದೆ ಓಡಿದರೆ ಸ್ಪ್ರಿಂಗ್‌ಗೆ ಎಣ್ಣೆ ತಾಗಿದೆ, ಅಥವಾ ಏಟು ಬಿದ್ದು ಸುತ್ತುಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಎಣ್ಣೆ ತಾಗಿದ್ದರೆ ತೊಳೆಯಬೇಕು, ಸಿಕ್ಕಿಕೊಂಡಿದ್ದರೆ ಬಿಡಿಸಬೇಕು. ಎರಡಕ್ಕೂ ಮಷಿನ್ ಬದಲಿಸುವ ಮಾತೇ ಇಲ್ಲ.

ಪ್ರಶ್ನೆ: ಜಾಸ್ತಿ ಕೀ ಕೊಟ್ಟರೆ ಸ್ಪ್ರಿಂಗ್ ಮುರಿಯುತ್ತದಂತೆ, ನಿಜವೇ?

ಇಲ್ಲ. ಸ್ಪ್ರಿಂಗ್ ಮುರಿಯುವುದು ವಯಸ್ಸಾಗಿ. ನಿಂತ ಮೇಲೂ ಇಕ್ಕಳ ಹಾಕಿ ತಿರುಗಿಸಬೇಡಿ, ಅಷ್ಟೇ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೊಡಿ.

ಪ್ರಶ್ನೆ: 17 ಜ್ಯುವೆಲ್ ಎಂದರೆ ಒಳಗೆ ಮಾಣಿಕ್ಯ ಇದೆಯಂತೆ. ಮಾರಿದರೆ ಎಷ್ಟು ಸಿಗಬಹುದು?

ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯ, ಸಾಸಿವೆ ಕಾಳಿಗಿಂತ ಚಿಕ್ಕದು. ಟೀ ಕುಡಿಯುವಷ್ಟೂ ಸಿಗುವುದಿಲ್ಲ.

ಪ್ರಶ್ನೆ: ಹಿಂದೆ ‘ವಾಟರ್ ರೆಸಿಸ್ಟೆಂಟ್’ ಎಂದು ಬರೆದಿದೆ. ಕಟ್ಟಿಕೊಂಡು ಸ್ನಾನ ಮಾಡಬಹುದೇ? (ಉಡುಪಿ)

ಬೇಡ. ಬರೆದ ಅಕ್ಷರ ನೀರು ತಡೆಯುವುದಿಲ್ಲ, ಮುಚ್ಚಳದ ಅಂಚಿನ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ತಡೆಯುತ್ತದೆ, ಅದು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ. ಬಿಸಿನೀರು, ಸೋಪು ಎರಡೂ ಅದಕ್ಕೆ ಆಗುವುದಿಲ್ಲ. ಹಳೆ ಜನತಾ ಕಟ್ಟಿಕೊಂಡವರು ಮಳೆ ಬಂದರೆ ಜೇಬಿಗೆ ಹಾಕಿ. ಗಾಜಿನ ಒಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವ ವೈದ್ಯ ಬೇಡ. ಅವತ್ತೇ ಅಂಗಡಿಗೆ ಕೊಂಡೊಯ್ದು ಮುಚ್ಚಳ ತೆಗೆಸಿ. ತಡವಾದರೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಗಾಜಿನ ಮೇಲೆ ಗೀರು ಬಿದ್ದಿದೆ. ಟೂತ್‌ಪೇಸ್ಟ್ ಹಚ್ಚಬಹುದೇ?

ಪ್ಲಾಸ್ಟಿಕ್ ಗಾಜಾದರೆ ಹಚ್ಚಿ, ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ, ಸಣ್ಣ ಗೀರು ಹೋಗುತ್ತದೆ. ಹಳೆ ಎಚ್‌ಎಂಟಿಗಳಲ್ಲಿ ಇರುವುದು ಸಾಮಾನ್ಯವಾಗಿ ಅದೇ. ನಿಜವಾದ ಗಾಜಾದರೆ ಹಲ್ಲುಜ್ಜಲು ಇಟ್ಟುಕೊಳ್ಳಿ.

ಪ್ರಶ್ನೆ: ತಾರೀಖು ಬದಲಿಸುವಾಗ ಒಳಗೆ ‘ಕಟಕ್’ ಎಂದಿತು. ಈಗ ತಾರೀಖು ಬದಲಾಗುವುದೇ ಇಲ್ಲ. (ಕಲಬುರಗಿ)

ರಾತ್ರಿ ಬದಲಿಸಿದ್ದೀರಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಮಷಿನ್ ತಾನೇ ತಾರೀಖಿನ ಚಕ್ರ ಹಿಡಿದಿರುತ್ತದೆ. ಆಗ ಕ್ರೌನ್ ತಿರುಗಿಸಿ ಬದಲಿಸಿದರೆ ಹಲ್ಲು ಮುರಿಯಬಹುದು. ಇನ್ನು ಮೇಲೆ ಮುಳ್ಳನ್ನು ಆರು ಗಂಟೆಗೆ ತಂದು, ಆಮೇಲೆ ತಾರೀಖು ಹೊಂದಿಸಿ. ಮುರಿದ ಹಲ್ಲಿನ ಚಕ್ರ ಜಪಾನಿ ಮಷಿನ್ ಆದರೆ ಸುಲಭವಾಗಿ ಸಿಗುತ್ತದೆ. ಟೈಮ್ ಸರಿಯಾಗಿ ತೋರಿಸುತ್ತಿದ್ದರೆ ಅವಸರ ಬೇಡ, ಮುಂದಿನ ಸರ್ವೀಸಿನಲ್ಲಿ ಹಾಕಿಸಿ. ಆದರೆ ಮುರಿದ ತುಂಡು ಒಳಗೇ ಇದೆ. ನಡುನಡುವೆ ವಾಚ್ ನಿಲ್ಲುತ್ತಿದ್ದರೆ ಕಾಯಬೇಡಿ, ಈಗಲೇ ತೆಗೆಸಿ.