ಬೆಂಗಳೂರಿನಲ್ಲಿ ಕಾರ್‌ಪೂಲ್ ಮಾಡಲು ಜನ ಯಾಕೆ ಹಿಂಜರಿಯುತ್ತಾರೆ?

ಜನರಿಗೆ ಮನಸ್ಸಿಲ್ಲ ಅಂತ ನನಗೆ ಅನಿಸುವುದಿಲ್ಲ. ದೊಡ್ಡ ತೊಡಕು ಸಮಯದ್ದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯನ್ನೇ ನೋಡಿ. ಎಷ್ಟೊಂದು ಕಾರು, ಒಳಗೆ ಒಬ್ಬೊಬ್ಬರೇ. ಬೆಳಿಗ್ಗೆ ಜೊತೆಯಲ್ಲಿ ಹೋಗುವುದು ಸುಲಭ. ಸಂಜೆ ಒಬ್ಬರ ಮೀಟಿಂಗ್ ಏಳಕ್ಕೆ ಮುಗಿಯುತ್ತದೆ, ಇನ್ನೊಬ್ಬರು ಐದೂವರೆಗೇ ಡೇ ಕೇರ್‌ನಿಂದ ಮಗುವನ್ನು ಕರೆತರಬೇಕು. ವಾಪಸ್ ಬರುವುದು ಖಾತ್ರಿ ಇಲ್ಲದಿದ್ದರೆ ಯಾರು ತಾನೇ ಕಾರನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ? ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಅಂದರೆ ಜೊತೆ ಹೊಂದಿಸುವುದು ಇನ್ನೂ ಕಷ್ಟ.

ಕಾನೂನಿನ ಗೊಂದಲವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಿಳಿ ಬೋರ್ಡಿನ ಕಾರನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವಂತಿಲ್ಲ. ಆದರೆ ಪೆಟ್ರೋಲ್ ಖರ್ಚು ಹಂಚಿಕೊಂಡರೆ ಅದು ಬಾಡಿಗೆಯಾ? 2023ರಲ್ಲಿ ಕಾರ್‌ಪೂಲ್ ಆ್ಯಪ್‌ಗಳ ವಿಚಾರದಲ್ಲಿ ಇದೇ ಜಗಳವಾಯಿತು. ಟ್ಯಾಕ್ಸಿ ಚಾಲಕರೂ ವಿರೋಧಿಸಿದರು. ತೆರಿಗೆ, ಪರ್ಮಿಟ್ ಎಲ್ಲ ಕಟ್ಟಿ ಹಳದಿ ಬೋರ್ಡ್ ಓಡಿಸುವವರ ಸಿಟ್ಟು ನನಗಂತೂ ನ್ಯಾಯವೇ ಅನಿಸುತ್ತದೆ.

ಗುರುತಿಲ್ಲದವರ ಕಾರು ಹತ್ತಲು ಹೆಣ್ಣುಮಕ್ಕಳಿಗೆ ಭಯ ಇರುವುದು ಸಹಜ, ಅಲ್ವಾ? ಹಾಗಾಗಿ ಒಂದೇ ಅಪಾರ್ಟ್‌ಮೆಂಟ್ ಅಥವಾ ಒಂದೇ ಆಫೀಸಿನವರ ನಡುವೆ ಶುರು ಮಾಡುವುದು ಒಳ್ಳೆಯದು. ತಡವಾದ ದಿನ ಕಂಪನಿಯೇ ಕ್ಯಾಬ್ ಕೊಟ್ಟರೆ ಇನ್ನಷ್ಟು ಜನ ಖಂಡಿತ ಬರುತ್ತಾರೆ.