1947ರಲ್ಲಿ ಡಾಲರಿಗೆ ಒಂದೇ ರೂಪಾಯಿ ಇತ್ತಾ?

ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಅನ್ನೋ ವಾಟ್ಸ್ಆ್ಯಪ್ ಮೆಸೇಜು ನಿಜವೇ ಅಂತ ಕೇಳಿದ್ದೀರಿ. ಅಲ್ಲ, ನೀವೇ ಲೆಕ್ಕ ಹಾಕಿ ನೋಡಿ. ಆಗ ರೂಪಾಯಿಯ ಬೆಲೆಯನ್ನು ಕಟ್ಟಿಹಾಕಿದ್ದು ಬ್ರಿಟನ್ನಿನ ಪೌಂಡಿಗೆ, ಡಾಲರಿಗಲ್ಲ. ಒಂದು ರೂಪಾಯಿ ಅಂದರೆ 18 ಪೆನ್ಸ್. ಆಗಿನ ಪೌಂಡಿಗೆ 240 ಪೆನ್ಸ್, ಅಂದರೆ 13.33 ರೂಪಾಯಿ. ಅದೇ ಪೌಂಡಿಗೆ 4.03 ಡಾಲರ್. ಭಾಗಿಸಿದರೆ ಡಾಲರಿಗೆ ಸುಮಾರು 3.31 ರೂಪಾಯಿ.

1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಜತೆಗೇ ನಮ್ಮ ರೂಪಾಯಿಯೂ ಇಳಿದು ಡಾಲರಿಗೆ 4.76 ಆಯಿತು, 1966ರ ಜೂನ್‌ನಲ್ಲಿ 7.50. ವಿನಿಮಯ ದರ ನೋಡಿ ದೇಶದ ಏಳುಬೀಳು ಅಳೆಯುವುದೂ ತಪ್ಪೇ: 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಇತ್ತು, ಜಪಾನ್ ಬೆಳೆದದ್ದೇ ಆಗ.