ಪಣಜಿಯ ಟಿವಿ ಚರ್ಚೆ, ನವಲಗುಂದದ ಅವ್ವ

ಗೋವಾದ ಕನ್ನಡದವರು ಇಲ್ಲಿನ ಚುನಾವಣೆ ಚರ್ಚೆ ನೋಡುತ್ತೀರಾ, ಅರ್ಥ ಆಗುತ್ತಾ ಅಂತ ಕೇಳಿದಿರಿ. ನೋಡುತ್ತೇವೆ. ನಾನು ಪಣಜಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವನು, ಕೊಂಕಣಿ ಬಾರದೆ ನನ್ನ ದಿನ ನಡೆಯುವುದಿಲ್ಲ. ಓಟು ಕೂಡ ಇಲ್ಲಿಯದೇ.

ಇಲ್ಲಿ ವಿಧಾನಸಭೆಗೆ 40 ಸೀಟು. ಒಂದೊಂದು ಕ್ಷೇತ್ರಕ್ಕೆ ಸುಮಾರು 30 ಸಾವಿರ ಮತದಾರರು, ಅಷ್ಟೇ. 2022ರಲ್ಲಿ ಸೇಂಟ್ ಆಂದ್ರೆಯಲ್ಲಿ ಗೆಲುವಿನ ಅಂತರ ಬರೀ 76 ಮತ. ಅದಕ್ಕೇ ರಾತ್ರಿ ಟಿವಿಯಲ್ಲಿ ಮಾತಾಡಿದವರು ಬೆಳಗ್ಗೆ ನಮ್ಮ ಅಂಗಡಿ ಮುಂದೆ ಕೈಮುಗಿದು ನಿಂತಿರುತ್ತಾರೆ.

ಆ ವರ್ಷದ ಒಂದು ಚರ್ಚೆ ಇನ್ನೂ ಮನಸ್ಸಿನಲ್ಲಿದೆ. ಗಣಿ, ಕೆಲಸ, ಕ್ಯಾಸಿನೊ ಎಲ್ಲ ಬೇಗ ಮುಗಿಯಿತು. ಆಮೇಲೆ ಬಂತು ಮಹದಾಯಿ ನೀರಿನ ಜಗಳ. ಕರ್ನಾಟಕದಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಹೊಳೆ ಅದು. ಪಣಜಿ ಮುಟ್ಟುವಷ್ಟರಲ್ಲಿ ಅದೇ ಮಾಂಡೋವಿ. ಕರ್ನಾಟಕಕ್ಕೆ ಒಂದು ಹನಿಯೂ ಕೊಡೋದಿಲ್ಲ ಅಂತ ಒಬ್ಬರಿಗಿಂತ ಒಬ್ಬರು ಜೋರಾಗಿ ಹೇಳಿದರು. ಒಬ್ಬ ಹೆಣ್ಣುಮಗಳು ಮಾತ್ರ ಕಾರಣ ಬಿಡಿಸಿ ಹೇಳಿದರು. ಮೇಲಿಂದ ಬರುವ ನೀರು ಕಡಿಮೆಯಾದರೆ ಸಮುದ್ರದ ಉಪ್ಪುನೀರು ಹೊಳೆಯೊಳಗೆ ಇನ್ನೂ ಮೇಲಕ್ಕೆ ಏರುತ್ತದೆ, ಗದ್ದೆ ಕೆಡುತ್ತದೆ ಅಂತ. ಅದು ನಿಜವಾದ ಮಾತು. ಅಷ್ಟರಲ್ಲಿ ಟೈಮ್ ಆಯ್ತು ಅಂತ ಅವರನ್ನು ನಿಲ್ಲಿಸಿಬಿಟ್ಟರು.

ನಮ್ಮ ಅವ್ವ ನವಲಗುಂದದವಳು, ಆ ಮಹದಾಯಿ ನೀರಿಗೇ ಕಾದು ಕೂತ ಊರು. ಟಿವಿ ಮುಂದೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕೈ ನಿಂತಿತು. "ಕುಡಿಯಾಕ ಕೇಳಿದ್ರೂ ಇಲ್ಲಂತಾರೇನೋ?" ಅಂದಳು. ಮಗಳು ಹುಟ್ಟಿದ್ದು ಇಲ್ಲೇ. "ಅಜ್ಜಿ, ನಮ್ಮ ನಳಕ್ಕೆ ಬರೋದೂ ಅದೇ ಹೊಳೆ ನೀರು" ಅಂದಳು. ಅವಳ ಮಾತೂ ಸರಿ. ಪಣಜಿಗೆ ನೀರು ಬರುವುದು ಓಪಾದ ನೀರಿನ ಘಟಕದಿಂದ. ಅಲ್ಲಿನ ಖಾಂಡೆಪಾರ್ ಹೊಳೆ ಹೋಗಿ ಸೇರುವುದು ಮಾಂಡೋವಿಯನ್ನೇ. ಇಬ್ಬರ ನಡುವೆ ಕೂತು ನಾನು ಯಾರಿಗೆ ಏನು ಹೇಳಲಿ?

ನನಗೆ ಸಿಟ್ಟು ಬಂದಿದ್ದು ಯಾರೂ ಲೆಕ್ಕ ಹೇಳಲಿಲ್ಲ ಅಂತ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ. ಅದರಲ್ಲಿ 8.02 ಕರೆಂಟಿಗೆ. ಕಳಸಾ-ಬಂಡೂರಿ ಹಳ್ಳಗಳಿಂದ ಅವ್ವನ ಕಡೆಯ ಮಲಪ್ರಭೆ ಹೊಳೆಗೆ ತಿರುಗಿಸೋದು 3.9. ಗೋವಾಕ್ಕೆ 24. ಇದು ಯಾರಿಗೂ ಒಪ್ಪಿಗೆಯಾಗದೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಸುಪ್ರೀಂ ಕೋರ್ಟಿಗೆ ಹೋದವು. ಈ ಅಂಕಿ ಮುಂದಿಟ್ಟುಕೊಂಡು ಎಷ್ಟು ಬೇಕಾದರೂ ಜಗಳ ಆಡಲಿ, ಕೇಳೋಣ. ಲೆಕ್ಕ ಬಿಟ್ಟು ಸುಮ್ನೆ ಕೂಗಾಡಿದರೆ ಕರ್ನಾಟಕ ಸರ್ಕಾರದ ಮೇಲಿನ ಕೋಪ ತಿರುಗಿ ಇಲ್ಲಿ ದುಡಿಯುವ ಕನ್ನಡದವರ ಮೇಲೆ ಬೀಳುತ್ತದೆ. ಮರುದಿನ ಮಾರ್ಕೆಟ್ಟಿನಲ್ಲಿ 'ಘಾಂಟಿ', ಅಂದರೆ ಘಟ್ಟದಾಚೆಯವರು ಅಂತ ಹೀಯಾಳಿಸೋ ಮಾತು, ಜಾಸ್ತಿ ಕೇಳಿಸುತ್ತದೆ. ಆ ಮಾತು ಚುಚ್ಚುತ್ತದೆ.

ನಮ್ಮ ಮಾಲು ಬರೋದು ಬೆಳಗಾವಿಯಿಂದ, ಚೋರ್ಲಾ ಘಾಟಿನಲ್ಲಿ. ದಾರಿಯಲ್ಲೇ ಕಣಕುಂಬಿ. ಮಲಪ್ರಭೆ ಹುಟ್ಟೋದೂ ಅಲ್ಲಿ, ಕಳಸಾ ನಾಲೆ ಅಗೆದಿರೋದೂ ಅಲ್ಲಿ. ಚರ್ಚೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಬೆಳಗ್ಗೆ ಓಟು ಕೇಳಲು ಬಂದರು. ಕಣಕುಂಬಿ ನೋಡಿದ್ದೀರಾ ಸಾರ್ ಅಂತ ಕೊಂಕಣಿಯಲ್ಲೇ ಕೇಳಿದೆ. ಇಲ್ಲ ಅಂದರು. ಮಧ್ಯಾಹ್ನ ಖಾಲಿ ಗಾಡಿ ವಾಪಸ್ ಹೋಗುತ್ತೆ, ಬರೋದಾದರೆ ಬನ್ನಿ, ಮುಂದಿನ ಸೀಟು ನಿಮಗೇ ಅಂದೆ.